ಎಮ್ಮೆಗುಂಡಿಗೆ ಬೋರ್ಡು

ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಓದುವ ಚಟ ನನಗೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಹೊನ್ನಾವರದಿಂದ ಭಟ್ಕಳದವರೆಗೆ ಒಂದನ್ನೂ ಬಿಡುವುದಿಲ್ಲ. ಕೋಳಿ ಅಂಗಡಿ, ಹಲ್ಲಿನ ಡಾಕ್ಟರು, ‘ಎಳನೀರು ಇದೆ’, ‘ರೂಮು ಬಾಡಿಗೆಗೆ ಇದೆ’, ‘ಈ ಜಾಗ ಮಾರಾಟಕ್ಕಿಲ್ಲ’. ಈ ಕೊನೆಯದನ್ನು ಕಂಡಾಗಲೆಲ್ಲ ನನಗೊಂದು ಕುತೂಹಲ. ಮಾರುವುದಿಲ್ಲ ಎಂದು ಹೇಳಲಿಕ್ಕೂ ಬೋರ್ಡು ಹಾಕಬೇಕಾದರೆ ಆ ಮನುಷ್ಯನನ್ನು ಎಷ್ಟು ಜನ ಬಂದು ಪೀಡಿಸಿರಬೇಡ! ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ. “ಎಂತ ಅದು, ಮಗ್ಗಿ ಹೇಳ್ದಂಗೆ ಗುಣುಗುಣು? ಎದ್ರಿನವ್ರು ನೋಡ್ತಾ ಇದ್ರು.”

ನನ್ನ ತಪ್ಪಲ್ಲ. ನನ್ನ ಹೊಟ್ಟೆಪಾಡೇ ಬೋರ್ಡು ಬರೆಯುವುದು. ಹೊನ್ನಾವರದ ಪೇಟೆಯಲ್ಲಿ ಒಂದು ಕಾಲಕ್ಕೆ ಯಾವ ಅಂಗಡಿಯ ಮುಂದೆ ನಿಂತರೂ ನನ್ನ ಅಕ್ಷರ ನನ್ನನ್ನು ನೋಡುತ್ತಿತ್ತು. ಆಮೇಲೆ ಫ್ಲೆಕ್ಸು ಬಂತು. ಕಂಪ್ಯೂಟರಿನಲ್ಲಿ ಒತ್ತಿದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೋರ್ಡು ಹೊರಗೆ ಬೀಳುತ್ತದೆ, ಮಾಲೀಕನ ನಗುವ ಫೋಟೋ ಸಮೇತ. ನನ್ನನ್ನು ಉಳಿಸಿದ್ದು ಉಪ್ಪುನೀರು. ಸಮುದ್ರದ ಎದುರು ಫ್ಲೆಕ್ಸಿನ ಆಟ ನಡೆಯುವುದಿಲ್ಲ. ಹಾಗಾಗಿ ಉತ್ತರದ ತದಡಿಯಿಂದ ದಕ್ಷಿಣದ ಭಟ್ಕಳದವರೆಗೆ ದೋಣಿಗಳಿಗೆ ಹೆಸರು ಬರೆಯುವವನಾಗಿ ಇನ್ನೂ ಬಾಳುತ್ತಿದ್ದೇನೆ.

ದೋಣಿಗೆ ಹೆಸರು ಬರೆಯುವುದು ಸುಲಭವೆಂದು ತಿಳಿಯಬೇಡಿ. ಒಮ್ಮೆ ತದಡಿಯಲ್ಲಿ ಒಬ್ಬರ ಹೊಸ ದೋಣಿಗೆ ‘ಸಮುದ್ರರಾಜ’ ಎಂದು ಬರೆಯಬೇಕಿತ್ತು. ಎಡಬದಿಗೆ ಚೆನ್ನಾಗಿಯೇ ಬರೆದೆ. ಬಲಬದಿಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು, ಹಸಿವಾಗಿತ್ತು, ಪಕ್ಕದಲ್ಲಿ ಯಾರೋ ಬಂಗಡೆ ಹುರಿಯುತ್ತಿದ್ದರು. ಮರುದಿನ ಪೂಜೆಗೆ ಬಂದ ಭಟ್ಟರು ಕೈಯಲ್ಲಿ ತೆಂಗಿನಕಾಯಿ ಎತ್ತಿ ಹಿಡಿದವರು ಹಾಗೆಯೇ ನಿಂತುಬಿಟ್ಟರು. ಬಲಬದಿಯಲ್ಲಿ ‘ಸಮುದ್ರಜಾರ’ ಎಂದಿತ್ತು. ದೋಣಿಯ ಯಜಮಾನ ನನ್ನ ಕಿವಿಯ ಹತ್ತಿರ ಬಂದು, “ಅಳ್ಸು ಮಾರಾಯ ಬೇಗ, ಹೆಣ್ಮೀನೆಲ್ಲ ಊರು ಬಿಟ್ಟು ಹೋದಾವು” ಎಂದ. ಪುಣ್ಯಾತ್ಮ, ನಕ್ಕುಬಿಟ್ಟ.

ಹೀಗೆ ಊರಿಗೆಲ್ಲ ಹೆಸರು ಬರೆಯುವ ನನಗೆ, ನಾನು ಹುಟ್ಟಿದ ಊರಿನ ಬೆನ್ನಿಗೇ ಇರುವ ಒಂದು ಜಾಗಕ್ಕೆ ಬೋರ್ಡೇ ಇಲ್ಲವೆಂಬುದು ಐವತ್ತು ದಾಟುವವರೆಗೂ ಹೊಳೆದಿರಲಿಲ್ಲ.

ಕಾಯ್ಕಿಣಿಯ ಕಡೆಯಿಂದ ಪಡುವಣಕ್ಕೆ ಹೋದರೆ ಗದ್ದೆಬಯಲು ಮುಗಿದು ಒಂದು ಕೆಂಪು ಕಲ್ಲಿನ ಗುಡ್ಡ ಏಳುತ್ತದೆ. ನಮ್ಮ ಊರು ಆ ಗುಡ್ಡದ ಮೂಡಣ ತಪ್ಪಲಿನಲ್ಲಿದೆ. ಮನೆಗಳ ಮುಖವೆಲ್ಲ ಗದ್ದೆಯ ಕಡೆ, ಸಮುದ್ರಕ್ಕೆ ಬೆನ್ನು. ಗುಡ್ಡ ಹತ್ತಿ ಗೇರುಮರಗಳ ನಡುವೆ ಹಾದು ಆಚೆ ಇಳಿದರೆ, ಇಳಿಯುವ ದಾರಿ ಮುಗಿದದ್ದೇ ತಿಳಿಯದಂತೆ ಕಾಲಿಗೆ ಮರಳು ಸಿಗುತ್ತದೆ. ಎರಡು ಕಡೆ ಗುಡ್ಡ ಕೈ ಚಾಚಿ ಸಮುದ್ರವನ್ನು ತಬ್ಬಿಕೊಂಡ ಹಾಗೆ ಕಪ್ಪು ಬಂಡೆಗಳು. ನಡುವೆ ಅರ್ಧ ಬಳೆಯಂಥ ಕಡಲು. ದಡದಲ್ಲಿ ಕೇದಿಗೆಯ ಪೊದೆ, ನಾಲ್ಕಾರು ಸುರಹೊನ್ನೆ ಮರ. ಮನೆಯಿಲ್ಲ, ಗುಡಿಯಿಲ್ಲ, ಇವತ್ತಿಗೂ ರಸ್ತೆಯಿಲ್ಲ. ಆಕಾಶ ಶುಭ್ರವಾಗಿದ್ದರೆ ದೂರದಲ್ಲಿ ನೇತ್ರಾಣಿ ದ್ವೀಪ ನೀರಿನಲ್ಲಿ ಮಲಗಿದ ಹಾಗೆ ಕಾಣುತ್ತದೆ. ಇಂಥದ್ದಕ್ಕೆ ಭೂಗೋಳದ ಪುಸ್ತಕದಲ್ಲಿ ಕೊಲ್ಲಿ ಎನ್ನುತ್ತಾರಂತೆ. ನಮ್ಮ ಪಾಲಿಗೆ ಅದು ಎಮ್ಮೆಗುಂಡಿ.

ಕಾರಣ ಸರಳ. ಬೇಸಿಗೆಯಲ್ಲಿ ಊರಿನ ಕೆರೆ ಒಣಗಿದಾಗ ನಾವು ಹುಡುಗರು ಎಮ್ಮೆಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದೆವು. ಎಮ್ಮೆಗಳು ಕುತ್ತಿಗೆಯವರೆಗೆ ನೀರಿಗಿಳಿದು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದವು. ಅಲೆ ಬಂದರೆ ಮೂಗು ಮೇಲೆತ್ತುವುದು, ಹೋದರೆ ಇಳಿಸುವುದು. ಗೇರುಹಣ್ಣು ತಿಂದು ಅಂಗಿಗೆಲ್ಲ ಕಲೆ ಮಾಡಿಕೊಂಡು ನಾನೂ ಗೆಳೆಯ ಮಂಜನೂ ಬಂಡೆಯ ಮೇಲೆ ಕೂತು, ಅವು ಏನನ್ನು ನೋಡುತ್ತಿವೆ ಎಂದು ಚರ್ಚಿಸುತ್ತಿದ್ದೆವು. “ಬೊಂಬಾಯಿ” ಎನ್ನುತ್ತಿದ್ದ ಮಂಜ. ಬೊಂಬಾಯಿ ಉತ್ತರಕ್ಕಲ್ಲವೇ ಎಂದು ನನಗೆ ಅನುಮಾನ. ಮಂಜನ ಎಮ್ಮೆಗೆ ದಿಕ್ಕು ಗೊತ್ತಿಲ್ಲವೆಂದು ಹೇಳಿದ್ದಕ್ಕೆ ಅವನು ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದ.

ಈಗ ಊರಿನಲ್ಲಿ ಎಮ್ಮೆ ಸಾಕುವವರೇ ಕಡಿಮೆ. ಗುಂಡಿಗೆ ಇಳಿಯುವವರು ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತಕ್ಕೆ ಬಂಡೆಗೆ ಅಂಟಿದ ನೀಲಿಕಲ್ಲು ಎಬ್ಬಿಸಲು ಹೋಗುವ ಹೆಂಗಸರು ಮಾತ್ರ. ನೀಲಿಕಲ್ಲೆಂದರೆ ಕಲ್ಲಲ್ಲ, ಚಿಪ್ಪಿನೊಳಗಿನ ಮಾಂಸ. ಕಾಯಿ ಹಾಕಿ ಸುಕ್ಕ ಮಾಡಿದರೆ ಯಾರೂ ಕರೆಯದಿದ್ದರೂ ನಾನು ಊಟಕ್ಕೆ ಹೋಗುತ್ತೇನೆ. ಹೀಗಿರುವಾಗ ಕೆಲವು ವರ್ಷಗಳ ಹಿಂದೆ ಯಾರೋ ಗುಂಡಿಯ ಮೇಲೆ ಡ್ರೋನು ಹಾರಿಸಿ, ವೀಡಿಯೋ ಮಾಡಿ, ‘ಸೀಕ್ರೆಟ್ ಬೀಚ್’ ಎಂದು ಹೆಸರಿಟ್ಟು ಮೊಬೈಲಿಗೆ ಬಿಟ್ಟರು. ಆ ಗುಟ್ಟು ಎಷ್ಟು ಭದ್ರವಾಗಿ ಉಳಿಯಿತೆಂದರೆ, ಮುಂದಿನ ರಜೆಯಲ್ಲಿ ನಮ್ಮೂರ ಗೇರುಹಕ್ಕಲಿನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ.

ಇನ್ನು ನನ್ನ ಅಕ್ಕ ಮಾದೇವಿಯ ಬಗ್ಗೆ ಹೇಳಬೇಕು. ಅವಳು ಖಾರ್ವಿ ಕೇರಿಯಿಂದ ಭಟ್ಕಳದವರೆಗೆ ಹಲವು ಕಡೆ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಸುತ್ತಿನ ಊರುಗಳಿಗೆಲ್ಲ ಅವಳು ‘ಅಕ್ಕೋರು’. ಅವಳಿಗೆ ಎರಡು ವ್ಯಸನ. ಒಂದು ನೀಲಿಕಲ್ಲು, ಇನ್ನೊಂದು ಫೋನು. ಸಂಜೆ ದೀಪ ಹಚ್ಚಿ ಜಗಲಿಯಲ್ಲಿ ಕೂತಳೆಂದರೆ ಒಂದೊಂದೇ ಮನೆಯ ಬಾಣಂತಿ, ಬಸುರಿ, ಜ್ವರ, ನೆಂಟಸ್ತನ ಎಲ್ಲ ವಿಚಾರಿಸಿಯೇ ಏಳುವುದು. ನಾವು ನಗುತ್ತಿದ್ದೆವು. “ಅಕ್ಕನಿಗೆ ಅನ್ನ ಬೇಡ, ರೇಂಜು ಸಿಕ್ರೆ ಸಾಕು.”

ಹೋದ ವರ್ಷ ಚಳಿಗಾಲದ ಒಂದು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಕ್ಕ ನೀಲಿಕಲ್ಲಿಗೆಂದು ಗುಂಡಿಗೆ ಇಳಿದಿದ್ದಳು. ಜೊತೆಯ ಹೆಂಗಸರು ಬುಟ್ಟಿ ತುಂಬಿತೆಂದು ಮೇಲೆ ಹತ್ತಿ ಹೋಗಿಯಾಗಿತ್ತು. ಬಡಗಣ ಬದಿಯಲ್ಲಿ ಒಂದು ದೊಡ್ಡ ಬಂಡೆಯಿದೆ. ಇಳಿತದಲ್ಲಿ ನಡೆದುಕೊಂಡೇ ಹೋಗಬಹುದು, ಭರತದಲ್ಲಿ ಅದರ ಸುತ್ತ ನೀರು. ಆ ಬಂಡೆಯ ಮೇಲೆ ಇಬ್ಬರು ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ಗದಗದ ಕಡೆಯವರು, ನರ್ಸಿಂಗ್ ಓದುವವರು, ಮುರ್ಡೇಶ್ವರದಲ್ಲಿ ರೂಮು ಮಾಡಿ ಬೆಳಿಗ್ಗೆ ಬೇಗ ಬಂದಿದ್ದರು. ಪಲ್ಲವಿ ಎಂಬವಳು ಪಾಚಿಯ ಮೇಲೆ ಕಾಲಿಟ್ಟು ಜಾರಿ, ಎರಡು ಕಲ್ಲುಗಳ ಸಂದಿಗೆ ಬಿದ್ದಳು. ಕಾಲು ಮುರಿದು ಸಂದಿಯಲ್ಲೇ ಸಿಕ್ಕಿಕೊಂಡಿತು. ಅಕ್ಕ ಓಡಿ ಹೋಗಿ ನೋಡಿದರೆ ಹುಡುಗಿ ಬೆಳ್ಳಗಾಗಿದ್ದಾಳೆ. ಎತ್ತಲು ಹೋದರೆ ಕಿರುಚುತ್ತಾಳೆ. ಗೆಳತಿ ಆಂಬುಲೆನ್ಸಿಗೆ ಫೋನು ಮಾಡಿದಳು. ಜಾಗ ಯಾವುದೆಂದು ಆ ಕಡೆಯಿಂದ ಕೇಳಿದರು. “ಸೀಕ್ರೆಟ್ ಬೀಚ್” ಎಂದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ.

ನಮ್ಮ ಕರಾವಳಿಯಲ್ಲಿ ಸೀಕ್ರೆಟ್ ಬೀಚುಗಳಿಗೆ ಬರವಿಲ್ಲ. ಆಂಬುಲೆನ್ಸು ಶರಾವತಿ ಸೇತುವೆ ದಾಟಿ ಕುಮಟೆಯ ಕಡೆ ಓಡಿತು. ಅಲ್ಲಿನ ಸೀಕ್ರೆಟ್ ಬೀಚಿನಲ್ಲಿ ಯಾರ ಕಾಲೂ ಮುರಿದಿರಲಿಲ್ಲ.

ಇತ್ತ ಭರತ ಏರುತ್ತಿತ್ತು. ಅಕ್ಕ ಗೆಳತಿಯನ್ನು ದಾರಿ ತೋರಿಸಲಿಕ್ಕೆಂದು ಗುಡ್ಡದ ಮೇಲಕ್ಕೆ ಓಡಿಸಿ, ತಾನು ಬಂಡೆಯ ಮೇಲೆಯೇ ಉಳಿದಳು. ಅದೃಷ್ಟಕ್ಕೆ ಗುಂಡಿಯಲ್ಲಿ ರೇಂಜು ಸಿಗುವುದು ಆ ಬಂಡೆಯ ಮೇಲೆ ಮಾತ್ರ. ಪಲ್ಲವಿ ತನ್ನ ಫೋನಿನಲ್ಲಿ ಅಪ್ಪನಿಗೆ ಹಚ್ಚಿದಳು. ಅವಳ ಅಪ್ಪ ಬಸ್ಸಿನ ಡ್ರೈವರ್. ಡಿಪೋದಲ್ಲಿ ಡ್ಯೂಟಿಗೆ ಹೊರಟು ನಿಂತವರು. ಅಕ್ಕ ಆ ಫೋನನ್ನು ಕಸಿದುಕೊಂಡು, “ಅಣ್ಣ, ನಾನು ನಿಮ್ಮ ಮಗಳ ಹತ್ರ ಇದ್ದೆ. ಹೆದರ್ಬೇಡಿ. ಫೋನು ಇಡೂಕೆ ಹೋಗ್ಬೇಡಿ, ಅವಳ ಜೊತೆ ಮಾತಾಡ್ತಾ ಇರಿ” ಎಂದಳು. ಆಮೇಲೆ ಸೊಂಟದಿಂದ ತನ್ನ ಫೋನು ತೆಗೆದು ಯಾರ್ಯಾರಿಗೋ ಒಂದರ ಹಿಂದೊಂದು ಕರೆ ಮಾಡಿದಳು.

ನೀರು ಹುಡುಗಿಯ ಸೊಂಟದವರೆಗೆ ಬಂತು. ಅಕ್ಕ ಕಲ್ಲಿಗೆ ಬೆನ್ನು ಕೊಟ್ಟು ಕೂತು ಅವಳ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡಳು. ಅಲೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದರಂತೆ. “ಆಂಟಿ, ನೀವರೆ ಹೋಗ್ರಿ” ಎಂದಳಂತೆ ಹುಡುಗಿ. ಅಕ್ಕ, “ಹೋಗೂಕೆ ನಂಗೂ ಈಜು ಬರೂದಿಲ್ಲ ಮಗಾ. ಸುಮ್ನೆ ಕೂತ್ಕೊ” ಎಂದಳಂತೆ. ಇದು ನಿಜ. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದ ಅವಳಿಗೆ ಈಜು ಬರುವುದಿಲ್ಲ.

ಮೊದಲು ಬಂದವರು ನಮ್ಮೂರಿನವರು, ಏಣಿಯೊಂದನ್ನು ಹೊತ್ತುಕೊಂಡು. ಆದರೆ ಮರಳಿಗೂ ಬಂಡೆಗೂ ನಡುವೆ ಆಗಲೇ ಎದೆಮಟ್ಟ ನೀರು. ಅಷ್ಟರಲ್ಲಿ ಕಡಲ ಕಡೆಯಿಂದ, ಮೀನುಗಾರರ ಕೇರಿಯ ಮೋಹನ ಖಾರ್ವಿಯ ದೋಣಿ ಬಂತು. ಅಲೆಯ ಹೊಡೆತಕ್ಕೆ ದೋಣಿ ಬಂಡೆಗೆ ತಾಗುವಂತಿಲ್ಲ. ನಮ್ಮವರು ಹಗ್ಗ ಹಿಡಿದು ನೀರಿಗಿಳಿದು, ಬಂಡೆ ಹತ್ತಿ, ಹುಡುಗಿಯನ್ನು ಬಿಡಿಸಿ ಏಣಿಗೆ ಕಟ್ಟಿ ತೇಲಿಸಿ ದೋಣಿಗೆ ದಾಟಿಸಿದರು. ಅಕ್ಕನನ್ನೂ ಹಗ್ಗ ಹಿಡಿಸಿ ದಡಕ್ಕೆ ತಂದರು. ದೋಣಿ ಗುಡ್ಡ ಸುತ್ತಿ ಆಚೆಗೆ, ಮೀನು ಇಳಿಸುವ ದಕ್ಕೆಗೆ ಹೋದಾಗ ಅಲ್ಲಿ ಭಟ್ಕಳದ ಇಸ್ಮಾಯಿಲ್ ತನ್ನ ಮೀನಿನ ಟೆಂಪೋವನ್ನು ಮುಖ ತಿರುಗಿಸಿ ನಿಲ್ಲಿಸಿಕೊಂಡಿದ್ದ. ಪಲ್ಲವಿ ಆಸ್ಪತ್ರೆ ತಲುಪಿದಾಗ ಅವಳ ಮೈಯೆಲ್ಲ ಬಂಗಡೆಯ ವಾಸನೆ. ಜೀವ ಉಳಿಯಿತು, ಕಾಲೂ ಉಳಿಯಿತು.

ಇದಾದ ಮೇಲೆ ಪಂಚಾಯ್ತಿಯವರಿಗೆ ಬೋರ್ಡಿನ ನೆನಪು ಬಂತು. ಗುಡ್ಡದ ಮೇಲೆ ಒಂದು ದೊಡ್ಡ ಬೋರ್ಡು ಹಾಕಿ ಜಾಗದ ಹೆಸರು ಬರೆಯಬೇಕು. ಬರೆಯುವ ಕೆಲಸ ಸಹಜವಾಗಿ ನನ್ನ ಪಾಲಿಗೆ. ಉಪ್ಪುಗಾಳಿ ತಡೆಯಬೇಕಲ್ಲ. ನಾನು ತಗಡಿಗೆ ಬಿಳಿ ಬಣ್ಣ ಬಳಿದು, ಒಣಗಿಸಿ, ಸದಸ್ಯನ ಮನೆಗೆ ಹೋಗಿ ಕೇಳಿದೆ. ಸದಸ್ಯನೆಂದರೆ ಬೇರೆ ಯಾರಲ್ಲ, ಎಮ್ಮೆಗೆ ಬೊಂಬಾಯಿ ತೋರಿಸಿದ ಅದೇ ಮಂಜ. ಈಗ ಮಂಜಣ್ಣ.

“ಎಮ್ಮೆಗುಂಡಿ ಅಂತ ಬರೀಲಾ?”

“ತಲೆ ಸರಿ ಅದ್ಯಾ ನಿಂಗೆ?” ಎಂದ ಮಂಜಣ್ಣ. “ಬೆಂಗಳೂರಿಂದ ಜನ ಬತ್ರು. ಎಮ್ಮೆ, ಗುಂಡಿ ಅಂದ್ರೆ ಮರ್ಯಾದಿ ಎಂತ ಉಳೀತು? ಸ್ವರ್ಣತೀರ ಅಂತ ಬರಿ.”

“ಮರಳು ಕಪ್ಪಲ್ಲನಾ?”

“ಸಂಜೆ ಬಿಸಿಲಿಗೆ ಸ್ವಲ್ಪ ಬಂಗಾರ ಬಣ್ಣ ಕಾಣ್ತದೆ.”

ಪಂಚಾಯ್ತಿ ಸಭೆಯಲ್ಲಿ ಇದನ್ನು ಹೇಳಿದ್ದೇ ತಡ, ಗಲಾಟೆ ಎದ್ದಿತು. ಊರಿನ ಹಿರಿಯರಿಗೆ ಎಮ್ಮೆಗುಂಡಿಯೇ ಬೇಕು. ಕೇರಿಯಿಂದ ಬಂದ ಖಾರ್ವಿಗಳು, ಆ ಜಾಗಕ್ಕೆ ಹಿಂದಿನಿಂದ ‘ಆಸ್ರೊ’ ಎಂದೇ ಹೆಸರು, ಎಮ್ಮೆ ಎಲ್ಲಿಂದ ಬಂತು ಎಂದು ಕೇಳಿದರು. ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ ತನ್ನ ಕಾಗದ ನೋಡಿ, ಸರ್ಕಾರದ ಲೆಕ್ಕದಲ್ಲಿ ಅದಕ್ಕೆ ಹೆಸರೇ ಇಲ್ಲ, ಬೆಳೆ ಬಾರದ ನೆಲವೆಂದು ‘ಖರಾಬು’ ಎಂದಷ್ಟೇ ಇದೆ ಎಂದರು. ಆಮೇಲೆ ಸಭೆ ಮುಂದಕ್ಕೆ ಹೋಯಿತು. ಬಿಳಿ ತಗಡು ನನ್ನ ಅಂಗಡಿಯಲ್ಲಿ ಗೋಡೆಗೊರಗಿ ನನ್ನನ್ನೇ ನೋಡತೊಡಗಿತು.

ನನಗೆ ಬರೆಯದ ತಗಡು ಕಂಡರೆ ಆಗುವುದಿಲ್ಲ. ಹೆಸರು ಹುಡುಕುತ್ತ ಹೊರಟೆ.

ಮೊದಲು ಹೋದದ್ದು ಮೋಹನನ ಮನೆಗೆ. ಅವನ ಅಪ್ಪ ಕಡಲಿಗೆ ಹೋಗುವುದನ್ನು ನಿಲ್ಲಿಸಿ ಕಾಲವಾಗಿದೆ, ಆದರೂ ದಿನವೂ ಬಲೆ ಬಿಡಿಸುತ್ತ ಕೂರುತ್ತಾರೆ. “ಆಸ್ರೊ ಅಂದ್ರೆ ಆಸರೆ” ಎಂದರು. “ಮಧ್ಯಾಹ್ನ ಇದ್ದಕ್ಕಿದ್ದಂಗೆ ಗಾಳಿ ಎದ್ರೆ ಬಂದರಕ್ಕೆ ಮುಟ್ಟೂಕೆ ಆಗೂದಿಲ್ಲ. ಆ ಎರಡು ಕಲ್ಲಿನ ನಡ್ವೆ ಒಳಗೆ ಬಂದುಬಿಟ್ರೆ ಸಾಕು, ತಾಯಿ ಹೊಟ್ಟೆ ಇದ್ದಂಗೆ. ಎಷ್ಟು ಸಲ ಬಂದಿದ್ದೆ ಅಂತೀ!”

“ದಡಕ್ಕೆ ಇಳೀತಿದ್ರಾ?”

“ಇಳಿದು ಎಂತ ಮಾಡೂದು? ಅಲ್ಲಿ ಎಂತ ಅದೆ?”

“ಮೇಲೆ ನಮ್ಮೂರು ಅದ್ಯಲ್ಲ.”

ಅವರು ಬಲೆಯಿಂದ ಮುಖ ಎತ್ತಿದರು. “ಆ ಗುಡ್ಡದ ಹಿಂದೆ ಊರು ಅದ್ಯಾ?” ಎಂದರು. ನಮ್ಮ ಊರಿನ ಬೆನ್ನನ್ನು ಜೀವಮಾನವಿಡೀ ಕಡಲಿನಿಂದ ಕಂಡವರು. ಆ ಗುಡ್ಡದಾಚೆ ನಮ್ಮ ಮನೆಗಳಲ್ಲಿ ದೀಪ ಉರಿಯುತ್ತವೆಂದು ಅವರಿಗೆ ಗೊತ್ತಿರಲಿಲ್ಲ. ಬಂಡೆಯ ಮೇಲೆ ಕೂತು ಗೇರುಹಣ್ಣು ತಿನ್ನುತ್ತಿದ್ದ ನನಗೂ, ಒಳಗೆ ತೇಲಿ ಬಂದು ನಿಲ್ಲುತ್ತಿದ್ದ ದೋಣಿಗಳಲ್ಲಿ ಜೀವ ಕೈಯಲ್ಲಿ ಹಿಡಿದ ಮನುಷ್ಯರಿರಬಹುದೆಂದು ಹೊಳೆದಿರಲಿಲ್ಲ. ನಾವು ಅವರಿಗೆ ಕೈ ಬೀಸುತ್ತಿದ್ದೆವು, ಅಷ್ಟೇ. ಅವರು ಬೀಸುತ್ತಿರಲಿಲ್ಲ. ಸೊಕ್ಕಿನವರು ಎಂದುಕೊಂಡಿದ್ದೆವು.

ಇಸ್ಮಾಯಿಲನನ್ನು ಕೇಳಿದರೆ ಅವನು ಮೂರನೆಯ ಹೆಸರೊಂದನ್ನು ತೆಗೆದ. “ನಮ್ಮ ಮನೇಲಿ ಅದಕ್ಕೆ ಮೀಠೆ ಪಾನಿ ಅಂತಾರೆ. ಯಾಕೆ ಅಂತ ದಾದಿಗೆ ಗೊತ್ತು.” ಅವನ ಅಜ್ಜಿಯನ್ನು ಕಾಣಲು ಭಟ್ಕಳಕ್ಕೆ ಹೋದೆ. ಹಳೆಯ ಮನೆ, ಉದ್ದಕ್ಕೆ ಒಂದರ ಹಿಂದೊಂದು ಕೋಣೆ. ಅಜ್ಜಿ ಚಹಾದ ಜೊತೆ ತಿಂಡಿ ಇಟ್ಟು, ಒಂದು ಮಾತು ನವಾಯತಿಯಲ್ಲಿ, ಒಂದು ಉರ್ದುವಿನಲ್ಲಿ, ಒಂದು ಕನ್ನಡದಲ್ಲಿ ಹೇಳತೊಡಗಿದರು. ಇಸ್ಮಾಯಿಲ್ ನಡುವೆ ಗಂಟು ಹಾಕುತ್ತ ಹೋದ. ಅವರ ಅಜ್ಜನ ಕಾಲದಲ್ಲಿ ಹಾಯಿ ಕಟ್ಟಿದ ಮಚವೆಗಳು ಹೆಂಚು, ಮರ, ಅಕ್ಕಿ ಹೇರಿಕೊಂಡು ಹೋಗುತ್ತಿದ್ದವಂತೆ. ದೂರ ಹೋಗುವ ಮೊದಲು ಆ ಕೊಲ್ಲಿಯಲ್ಲಿ ಲಂಗರು ಹಾಕಿ ಪೀಪಾಯಿಗಳಿಗೆ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದರಂತೆ. ಗುಡ್ಡದ ಬುಡದಲ್ಲಿ ಕಲ್ಲಿನ ಬಿರುಕಿನಿಂದ ಸಿಹಿನೀರು ಬೀಳುತ್ತಿತ್ತಂತೆ, ಅದೇ ಮೀಠೆ ಪಾನಿ.

“ನೀವು ನೋಡಿದ್ರಾ ಅಮ್ಮ?”

“ನಾನೆಲ್ಲಿ ನೋಡ್ಲಿ? ಹೆಂಗಸ್ರು ಜಹಾಜಿಗೆ ಹೋಗ್ತಿದ್ರಾ? ಕೇಳಿದ್ದು ಮಾತ್ರ.” ತಿಂಡಿಯ ತಟ್ಟೆಯನ್ನು ನನ್ನ ಕಡೆ ಸರಿಸಿ ಕೇಳಿದರು, “ಈಗ್ಲೂ ನೀರು ಬೀಳ್ತದಾ?”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆಡಿ ಬೆಳೆದ ಜಾಗದಲ್ಲಿ ನಾನು ಅಂಥದ್ದೇನನ್ನೂ ಕಂಡಿರಲಿಲ್ಲ. ಊರಿಗೆ ಬಂದವನು ಕತ್ತಿ ಹಿಡಿದು ಗುಂಡಿಗೆ ಇಳಿದೆ. ಗುಡ್ಡದ ಬುಡದುದ್ದಕ್ಕೂ ಕೇದಿಗೆಯ ಮುಳ್ಳು. ಅಂಗಿ ಹರಿಯಿತು, ಕೈ ಗೀರಿತು, ಒಂದು ಉಡ ನನ್ನನ್ನು ಹೆದರಿಸಿತು ಅಥವಾ ನಾನು ಅದನ್ನು. ಕೊನೆಗೆ ಪೊದೆಯ ಹಿಂದೆ ಒದ್ದೆ ಕಲ್ಲು ಕಂಡಿತು. ಕೆಂಪು ಕಲ್ಲು ಮುಗಿದು ಕಪ್ಪು ಕಲ್ಲು ಶುರುವಾಗುವಲ್ಲಿ ಒಂದು ಬಿರುಕು. ಅದರಿಂದ ನೂಲಿನಂತೆ ನೀರು ಇಳಿಯುತ್ತಿದೆ. ಬಿರುಕಿನ ಕೆಳಗೆ ಕಲ್ಲನ್ನು ಯಾರೋ ಉಳಿಯಿಂದ ಕೊರೆದು ದೋಣಿಯಂತೆ ಮಾಡಿದ್ದಾರೆ, ನೀರು ಹರಿದು ಮುಂದೆ ಬಂದು ಬೀಳಲೆಂದು. ಬೆರಳಿಟ್ಟು ನೋಡಿದೆ. ಉಳಿಯ ಗೆರೆಗಳು ನುಣ್ಣಗೆ ಸವೆದಿವೆ. ಯಾರು ಕೊರೆದರು? ಯಾವ ಊರಿನವರು? ಹೆಸರು ಕೆತ್ತುವ ಚಪಲ ಅವರಿಗೆ ಇರಲಿಲ್ಲವೆಂದು ಕಾಣುತ್ತದೆ. ಹುಡುಕಿ ಹುಡುಕಿ ನೋಡಿದೆ, ಒಂದು ಅಕ್ಷರ ಸಿಗಲಿಲ್ಲ.

ಬಾಟಲಿ ತುಂಬಲು ಬಹಳ ಹೊತ್ತು ಹಿಡಿಯಿತು. ಅದನ್ನು ಭಟ್ಕಳಕ್ಕೆ ಒಯ್ದು ಅಜ್ಜಿಗೆ ಕೊಟ್ಟೆ. ಅವರು ಬಿಸ್ಮಿಲ್ಲಾ ಎಂದು ಲೋಟಕ್ಕೆ ಹಾಕಿ ಒಂದು ಗುಟುಕು ಕುಡಿದರು. ಇಡೀ ಮನೆ ಅವರ ಮುಖ ನೋಡುತ್ತಿತ್ತು.

“ಮೀಠಾ ಏನಿಲ್ಲ” ಎಂದರು. “ಬರೀ ನೀರು.”

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ನಗುತ್ತಲೇ ಲೋಟ ಪೂರ್ತಿ ಮುಗಿಸಿ, ಬಾಟಲಿಯ ಮುಚ್ಚಳ ಬಿಗಿದು, ಒಳಗಿನ ಕೋಣೆಗೆ ತೆಗೆದುಕೊಂಡು ಹೋದರು.

ಈಗ ನನ್ನ ಹತ್ತಿರ ಇದ್ದ ಹೆಸರುಗಳ ಪೈಕಿ ಒಂದೂ ಸುಳ್ಳಲ್ಲ. ಗುಡ್ಡದಿಂದ ಇಳಿದು ಬಂದವರಿಗೆ ಅದು ಎಮ್ಮೆ ಮೀಯಿಸುವ ಗುಂಡಿ. ಕಡಲಿನಿಂದ ಒಳಗೆ ಬಂದವರಿಗೆ ಆಸರೆ. ದೂರ ಹೋಗುವವರಿಗೆ ನೀರು. ಇದರಲ್ಲಿ ಒಂದನ್ನು ಬರೆದು ಉಳಿದದ್ದನ್ನು ಬಿಡುವುದು ಹೇಗೆ? ಕೈಯಲ್ಲಿ ಕುಂಚ ಹಿಡಿದು ಅಕ್ಕನ ಮನೆಯ ಜಗಲಿಯಲ್ಲಿ, ಅಂಗಡಿಯಿಂದ ಹೊತ್ತು ತಂದ ತಗಡಿನ ಎದುರು ಕೂತಿದ್ದೆ. ಅಕ್ಕ ಚಹಾ ತಂದಳು. ಸುಮ್ಮನೆ ಕೇಳಿದೆ.

“ಅಕ್ಕಾ, ಆ ದಿನ ಬಂಡೆ ಮೇಲಿಂದ ಫೋನು ಮಾಡಿದ್ಯಲ್ಲ, ಎಲ್ಲಿಗೆ ಬನ್ನಿ ಅಂತ ಹೇಳಿದ್ದೆ?”

“ಎಲ್ಲಿಗೆ ಅಂದ್ರೆ? ಇಲ್ಲಿಗೇ.”

“ಅಲ್ಲ ಮಾರಾಯ್ತಿ, ಎಂತ ಹೆಸರು ಹೇಳ್ದೆ?”

ಅಕ್ಕ ಯೋಚಿಸಿದಳು. “ನಮ್ಮೂರಿನ ಹುಡುಗ್ರಿಗೆ ಎಮ್ಮೆಗುಂಡಿ ಅಂದೆ. ಮೋಹನನಿಗೆ ಆಸ್ರೊ ಅಂದೆ. ಇಸ್ಮಾಯಿಲನಿಗೆ, ಮೀಠೆ ಪಾನಿಯಿಂದ ದೋಣಿ ಬತ್ತದೆ, ದಕ್ಕೆ ಹತ್ರ ಗಾಡಿ ತಕ್ಕೊಂಡು ನಿಲ್ಲು ಅಂದೆ.”

“ಅದೆಲ್ಲ ನಿಂಗೆ ಹ್ಯಾಗೆ ಗೊತ್ತು?”

“ಅವ್ರೆಲ್ಲರ ಮಕ್ಳು ನನ್ನ ಅಂಗನವಾಡಿಗೆ ಬಂದವ್ರಲ್ಲನಾ. ಅವ್ರ ಮನೆ ಮಾತು ಅದು. ಮೋಹನನಿಗೆ ಎಮ್ಮೆಗುಂಡಿ ಅಂದಿದ್ರೆ ಅವ, ಯಾವ ಎಮ್ಮೆ ಅಕ್ಕೋರೆ ಅಂತ ಕೇಳ್ತಾ ಕೂತ್ಕೊಳ್ತಿದ್ದ. ಅಷ್ಟೊತ್ತಿಗೆ ಹುಡುಗಿ ತೇಲಿ ಹೋಗ್ತಿತ್ತು.” ಇಷ್ಟು ಹೇಳಿ, “ಚಹಾ ಆರ್ತು, ಕುಡಿ” ಎಂದಳು.

ಚಹಾ ಕುಡಿದು ಬರೆಯಲು ಕೂತೆ. ಮೂರು ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಕೆಳಗೊಂದು ಬರೆದೆ. ಅವುಗಳ ಕೆಳಗೆ, ಮೊಬೈಲಿನವರಿಗೂ ದಾರಿ ತಪ್ಪಬಾರದೆಂದು, ಸೀಕ್ರೆಟ್ ಬೀಚ್ ಎಂದೂ ಬರೆದೆ. ಭರತದ ಹೊತ್ತಿನಲ್ಲಿ ಬಂಡೆಗೆ ಹೋಗಬಾರದು ಎಂದು ಕೆಂಪು ಬಣ್ಣದಲ್ಲಿ ಸೇರಿಸಿದೆ. ಮಂಜಣ್ಣ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ.

“ಇದೆಂತ ಮಾರಾಯ, ಬೋರ್ಡೋ ಮದುವೆ ಕಾಗದವೋ? ಸ್ವರ್ಣತೀರ ಎಲ್ಲಿ?”

“ಆ ಹೆಸರು ಹೇಳಿ ಕರೆದ್ರೆ ಯಾರು ಬತ್ರು ಹೇಳು, ಅದನ್ನೂ ಬರೀತೆ.”

ಅವನು ತಗಡಿನ ಸಾಲುಗಳನ್ನು ಬೆರಳು ಮಡಚಿ ಎಣಿಸಿದ. ಕೊನೆಗೆ, “ಎಮ್ಮೆಗುಂಡಿ ಮೇಲೆ ಬಂತಲ್ಲ, ಆತು ಬಿಡು” ಎಂದು ಹೊರಟುಹೋದ. ಸಭೆಯಲ್ಲಿ ಅದನ್ನು ಒಪ್ಪಿಸಿದವನೂ ಅವನೇ.

ಬೋರ್ಡು ನಿಂತು ಕೆಲವು ತಿಂಗಳಾದ ಮೇಲೆ, ಮಳೆ ಮುಗಿದು ಗುಡ್ಡವೆಲ್ಲ ಹುಲ್ಲಾಗಿದ್ದಾಗ, ಪಲ್ಲವಿ ಅಪ್ಪನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಳು. ಸ್ವಲ್ಪ ಕುಂಟುತ್ತಿದ್ದಳು, ಬಾಯಿ ತುಂಬ ನಗು. ಅಪ್ಪ ಎತ್ತರದ ಆಳು. ಬಸ್ಸನ್ನು ಎಲ್ಲೆಲ್ಲಿಗೋ ಓಡಿಸಿದವರು, ಆಸ್ಪತ್ರೆಗೂ ರಾತ್ರಿ ಬಂದು ರಾತ್ರಿಯೇ ಮಗಳನ್ನು ಕರೆದೊಯ್ದವರು, ಸಮುದ್ರ ಕಂಡವರಲ್ಲ. ಅಕ್ಕನ ಎದುರು ಕೈಮುಗಿದು ನಿಂತರು. ಅಕ್ಕನೇ, “ಕೂತ್ಕೊಳ್ಳಿ ಅಣ್ಣ. ನಿಮ್ಮ ದನಿ ನಂಗೆ ಗುರ್ತು ಅದೆ, ಮುಖ ಇವತ್ತು ಕಂಡೆ” ಎಂದಳು.

ಊಟವಾದ ಮೇಲೆ ಅವರು, “ಆ ಜಾಗಾ ಒಮ್ಮೆ ನೋಡ್ತೀನ್ರಿ” ಎಂದರು. ನಾವು ನಾಲ್ವರೂ ಗುಡ್ಡ ಹತ್ತಿದೆವು. ಬೋರ್ಡಿನ ಹತ್ತಿರ ಅವರು ನಿಂತು, ಕೈ ಹಿಂದೆ ಕಟ್ಟಿ, ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದಿದರು. ಬರೆದವನು ನಾನೆಂದು ಅಕ್ಕ ಹೇಳಿದಳು. “ಚಂದ ಬರದೀರಿ” ಎಂದರು. ಹೊಗಳಿಕೆ ಕೇಳಿ ನಾನು ಸುಮ್ಮನಿರಬಾರದೇ, ಒಂದೊಂದು ಹೆಸರಿಗೂ ಅರ್ಥ ಹೇಳುತ್ತ ಇಳಿದೆ. ಅವರು ಹೂಂಗುಟ್ಟುತ್ತಿದ್ದರು. ಅವರ ಕಣ್ಣೆಲ್ಲ ಕೆಳಗಿನ ನೀರಿನ ಮೇಲಿತ್ತು.

ದಡದಲ್ಲಿ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನೀರಿನ ಅಂಚಿಗೆ ಹೋಗಿ ನಿಂತರು. ಪಲ್ಲವಿ ಬಂಡೆಯನ್ನು ತೋರಿಸಿದಳು. ಅವತ್ತು ಫೋನಿನಲ್ಲಿ ಅವರು ಕೇಳಿದ್ದು ಮಗಳ ಅಳು, ಅಕ್ಕನ ದನಿ, ಮತ್ತೆ ಈ ಅಲೆಯ ಸದ್ದು. ಈಗಲೂ ಅದೇ ಸದ್ದು. ಅವರು ತಲೆಯನ್ನು ಒಂದು ಬದಿಗೆ ಬಾಗಿಸಿ ಬಹಳ ಹೊತ್ತು ಕೇಳುತ್ತ ನಿಂತರು. ಆಮೇಲೆ ಬಂಡೆಯವರೆಗೆ ನಡೆದುಹೋದರು, ಇಳಿತವಿತ್ತು. ಆ ಸಂದಿಯ ಮುಂದೆ ಕೂತು, ಕಲ್ಲಿನ ಮೇಲೆ ಅಂಗೈ ಇಟ್ಟರು. ಜೇಬಿನಿಂದ ಫೋನು ತೆಗೆದು ಊರಿನಲ್ಲಿದ್ದ ಹೆಂಡತಿಗೆ ಹಚ್ಚಿದರು.

“ಹಾಂ, ಮುಟ್ಟೀವಿ” ಎಂದರು. ಆ ಕಡೆಯಿಂದ ಎಲ್ಲಿದ್ದೀರೆಂದು ಕೇಳಿರಬೇಕು. ನಾನು ಕುತೂಹಲದಿಂದ ಕಿವಿಗೊಟ್ಟೆ. ಬೋರ್ಡಿನ ನಾಲ್ಕು ಹೆಸರಿನಲ್ಲಿ ಯಾವುದನ್ನು ಹೇಳುತ್ತಾರೋ ನೋಡೋಣವೆಂದು.

“ಪಲ್ಲವಿ ಉಳದ ಕಲ್ಲಿನ ಹತ್ರ ಅದೀನಿ” ಎಂದರು ಅವರು.

ಆ ಕಡೆಯವರು ಯಾವ ಕಲ್ಲೆಂದು ಕೇಳಲಿಲ್ಲ.